ಹಳೇ ಜೀಪಿಗೆ ಐದನೇ ಗೇರು

ಕೊಚ್ಚಿಯಿಂದ ಮುನ್ನಾರಿಗೆ ಹೋಗುವ ದಾರಿಯನ್ನು ಎರಡು ರಸ್ತೆ ಎಂದೇ ಲೆಕ್ಕ ಹಿಡಿಯಬೇಕು. ಮೂವಾಟ್ಟುಪುಳ, ಕೋತಮಂಗಲಂ ದಾಟಿ ನೇರ್ಯಮಂಗಲಂ ಮುಟ್ಟುವವರೆಗೆ ದೊಡ್ಡ ಏರಿಲ್ಲ. ಬಸ್ಸು, ಟಿಪ್ಪರ್‌ಗಳು ಬೆನ್ನಿಗೇ ಬಂದು ಹಾರನ್ ಒತ್ತುತ್ತವೆ. ಅಲ್ಲಿ ಪೆರಿಯಾರ್ ನದಿಗೆ 1935ರಲ್ಲಿ ತೆರೆದ ಕಮಾನು ಸೇತುವೆಯಿದೆ. ಅದನ್ನು ದಾಟಿದ ಮೇಲೆ ಸಿಗುವುದು ಹೈರೇಂಜ್: ಘಾಟಿ, ತಿರುವು, ಮಳೆ, ಏಲಕ್ಕಿ ತೋಟ. ಹಳೆಯ ಜೀಪಿಗೆ ಆ ಎರಡನೆಯ ರಸ್ತೆಯೇ ತವರು. ಮೊದಲನೆಯದು ಶಿಕ್ಷೆ. ಎಂಬತ್ತರಲ್ಲಿ ಓಡಿಸಿದರೆ ಎಂಜಿನ್ ಅರಚುತ್ತದೆ, ಮಾತಾಡಿದ್ದು ಪಕ್ಕದವರಿಗೆ ಕೇಳುವುದಿಲ್ಲ, ಗೇರ್ ಲಿವರ್ ಕೈಯಲ್ಲಿ ನಡುಗುತ್ತಿರುತ್ತದೆ. ಇನ್ನೊಂದು ಗೇರ್ ಇದ್ದಿದ್ದರೆ ಎಂದು ಎಡಗೈ ತಾನಾಗಿ ಲಿವರ್ ಕಡೆ ಹೋಗುತ್ತದೆ. ಇರುವುದಿಲ್ಲ.

ಆ ಇಲ್ಲದ ಗೇರನ್ನು ಇರುವಂತೆ ಮಾಡುವ ಕಸುಬೊಂದು ಕೇರಳದಲ್ಲೂ ನಮ್ಮ ಮಲೆನಾಡು, ಕೊಡಗಿನಲ್ಲೂ ಬೆಳೆದಿದೆ. ಹಳೆಯ ಮೂರು ಅಥವಾ ನಾಲ್ಕು ಗೇರಿನ ಬಾಕ್ಸ್ ಇಳಿಸಿ, ಅದೇ ಎಂಜಿನ್ನಿಗೆ ಐದು ಗೇರಿನ ಬಾಕ್ಸ್ ಏರಿಸುವುದು. ಕೇಳುವುದಕ್ಕೆ ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಹಾಕುವ ಕೆಲಸ. ಚೆನ್ನಾಗಿ ಮಾಡಿದವರ ಕೆಲಸವನ್ನು ಹತ್ತಿರದಿಂದ ನೋಡಿದರೆ, ಅದರಲ್ಲಿ ಬೋಲ್ಟಿನ ಪಾಲು ಕಡಿಮೆ, ಅಳತೆಯ ಪಾಲು ಹೆಚ್ಚು ಎಂದು ತಿಳಿಯುತ್ತದೆ.

ಮೊದಲು ಜೀಪು ಯಾಕೆ ಅರಚುತ್ತದೆ ಎಂಬುದನ್ನು ನೋಡೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದರು. ಮುಂದೆ ದಶಕಗಟ್ಟಲೆ ನಮ್ಮ ರಸ್ತೆಯಲ್ಲಿ ಓಡಿದ್ದು ಸಿಜೆ-3ಬಿ, ಎತ್ತರದ ಬಾನೆಟ್ಟಿನ ಜೀಪು. ವಿಲ್ಲಿಸ್ ಮಾಡಿದ ಮೂಲ ರೂಪದಲ್ಲಿ ಅದರ ಹರಿಕೇನ್ ಪೆಟ್ರೋಲ್ ಎಂಜಿನ್ 2.2 ಲೀಟರಿನದು, 4000 ಆರ್‌ಪಿಎಂನಲ್ಲಿ 75 ಅಶ್ವಶಕ್ತಿ. ಗೇರ್ ಬಾಕ್ಸ್ ಟಿ-90, ಮೂರೇ ಗೇರು. ಫಸ್ಟ್ ಗೇರಿಗೆ ಸಿಂಕ್ರೊ ಇಲ್ಲ, ಗಾಡಿ ನಿಂತ ಮೇಲೆಯೇ ಹಾಕಬೇಕು, ಇಲ್ಲವಾದರೆ ಹಲ್ಲು ಕಡಿಯುತ್ತದೆ. ಹಿಂದಿನ ಹೌಸಿಂಗಿನಲ್ಲಿ, ಅಂದರೆ ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್‌ನಲ್ಲಿ, ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8. ಅಂದರೆ ಚಕ್ರ ಒಂದು ಸುತ್ತು ಬರಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಬೇಕು. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗ. 6.00-16 ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ 2.2 ಮೀಟರ್ ಉರುಳುತ್ತದೆ ಎಂದು ಹಿಡಿದರೆ, ಗಂಟೆಗೆ 80 ಕಿಲೋಮೀಟರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,260 ಸುತ್ತು ಹಾಕುತ್ತಿರುತ್ತದೆ. ಎಪ್ಪತ್ತು ವರ್ಷ ಹಿಂದಿನ ವಿನ್ಯಾಸದ ಎಂಜಿನ್ನನ್ನು ಗಂಟೆಗಟ್ಟಲೆ ಹಾಗೆ ಓಡಿಸುವುದು ಅದಕ್ಕೂ ಹಿತವಲ್ಲ, ಕೂತವರಿಗೂ ಹಿತವಲ್ಲ. ಆಮೇಲೆ ಬಂದ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್‌ಗಳಿಗಂತೂ ಅಷ್ಟು ವೇಗವಾಗಿ ತಿರುಗುವುದು ಜಾಯಮಾನವೇ ಅಲ್ಲ.

ಐದನೇ ಗೇರು, ಅಂದರೆ ಓವರ್‌ಡ್ರೈವ್, ಇದನ್ನು ತಿರುಗಿಸಿಬಿಡುತ್ತದೆ. ಅದರ ಅನುಪಾತ 0.8 ಎಂದುಕೊಳ್ಳಿ. ಎಂಜಿನ್ ಎಂಟು ಸುತ್ತು ಬಂದರೆ ಶಾಫ್ಟ್ ಹತ್ತು ಸುತ್ತು ಬರುತ್ತದೆ. ಅದೇ 80 ಕಿಲೋಮೀಟರಿನಲ್ಲಿ ಎಂಜಿನ್ 2,600ಕ್ಕೆ ಇಳಿಯುತ್ತದೆ. ಅದೇ ದಾರಿಯನ್ನು ಪುಟ್ಟ ಹೆಜ್ಜೆ ಬಿಟ್ಟು ಬೀಸು ಹೆಜ್ಜೆಯಲ್ಲಿ ನಡೆದಂತೆ. ಬೀಸು ಹೆಜ್ಜೆಗೆ ಕಾಲಿನಲ್ಲಿ ಕಸುವಿರಬೇಕು; ಅದಿಲ್ಲದ ಎಂಜಿನ್ನಿಗೆ ಓವರ್‌ಡ್ರೈವ್ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಈ ಕಸುಬು ದೊಡ್ಡದಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ 1930ರ ದಶಕದಲ್ಲೇ ಬೋರ್ಗ್-ವಾರ್ನರ್ ಕಂಪನಿಯ ಓವರ್‌ಡ್ರೈವ್ ಕಾರುಗಳಿಗೆ ಬಂದಿತ್ತು. ನಮ್ಮಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಜೋಡಿಸುತ್ತಿದ್ದ ಸ್ಟೂಡಿಬೇಕರ್‌ಗಳನ್ನು ಅವರ ನಾಡಿನಲ್ಲಿ ಓವರ್‌ಡ್ರೈವ್ ಸಮೇತ ಕೊಳ್ಳಬಹುದಿತ್ತು. ಆದರೆ 1960ರ ದಶಕದಲ್ಲಿ ಪೆಟ್ರೋಲು ಅಗ್ಗವಿದ್ದಾಗ ಅವರು ಆರೂವರೆ, ಏಳು ಲೀಟರಿನ ‘ಬಿಗ್ ಬ್ಲಾಕ್’ ಎಂಜಿನ್ನುಗಳನ್ನು ಕಾರಿಗೆ ತುರುಕಿ, ಹಿಂದೆ ನಾಲ್ಕೇ ಗೇರಿನ ಬಾಕ್ಸ್ ಇಟ್ಟರು. ಟಾಪ್ ಗೇರು ಸರಿಯಾಗಿ ಒಂದಕ್ಕೊಂದು. 1970ರ ಶೆವೆಲ್ ಎಸ್ಎಸ್ 454 ಕಾರಿನ ದೊಡ್ಡ ಎಂಜಿನ್ 7.4 ಲೀಟರಿನದು, ಟಾರ್ಕು 678 ನ್ಯೂಟನ್ ಮೀಟರ್. ನಮ್ಮ ಹರಿಕೇನಿನದು ಸುಮಾರು 155. ಆ ಕಾರಿಗೆ ಸ್ಪರ್ಧೆಗೆ ಬೇಕಾದ 4.10 ಹೌಸಿಂಗ್ ಹಾಕಿಸಿಕೊಂಡವರು ಹೆದ್ದಾರಿಯಲ್ಲಿ 100ರಲ್ಲಿ ಹೊರಟರೆ ಎಂಜಿನ್ 3,300ರ ಹತ್ತಿರ ಕೂಗುತ್ತಿರುತ್ತದೆ. ಈಗ ಅವರು ಮೆಕ್ಸಿಕೊ ಮೂಲದ ಟ್ರೆಮೆಕ್ ಕಂಪನಿಯ ಐದು ಗೇರಿನ ಬಾಕ್ಸ್ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ಟಿಕೆಒ-600 ಎಂಬುದರ ಐದನೇ ಗೇರು 0.64, ಎಂಜಿನ್ 2,100ಕ್ಕೆ ಇಳಿದು ಗುನುಗುತ್ತದೆ. ಅವರಿಗೆ ಬೆಲ್ ಹೌಸಿಂಗಿನಿಂದ ಹಿಡಿದು ಕೊನೆಯ ವಾಷರ್‌ವರೆಗೆ ಎಲ್ಲ ಪೆಟ್ಟಿಗೆಯಲ್ಲಿ ಬರುತ್ತದೆ. ನಮಗೆ ಗುಜರಿಯಿಂದ ಬರುತ್ತದೆ. ಕೌಶಲ ಎಲ್ಲಿ ಹೆಚ್ಚು ಬೇಕು ಎಂದು ಓದುಗರೇ ಹೇಳಲಿ.

ಗುಜರಿಯಲ್ಲಿ ಸಿಗುವುದು ಹೆಚ್ಚಾಗಿ ಮಹೀಂದ್ರದ್ದೇ ಮುಂದಿನ ಪೀಳಿಗೆಯ ಬಾಕ್ಸುಗಳು: ಬೊಲೆರೊ, ಅರ್ಮಡಾ ಬಿಚ್ಚಿದಾಗ ಬಂದವು. ಮಹೀಂದ್ರ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಆ ನಂಟಿನಿಂದಲೇ ಪ್ಯೂಜೊದ ಬಿಎ-10 ಎಂಬ ಐದು ಗೇರಿನ ಬಾಕ್ಸ್ ಕೂಡ ಇಲ್ಲಿಗೆ ಬಂತು. ತಮಾಷೆಯೆಂದರೆ ಈ ಬಿಎ-10 ಅಮೆರಿಕದ ಜೀಪಿನವರಲ್ಲಿ ಬೈಗುಳದ ಹೆಸರು. 1987ರಿಂದ 89ರವರೆಗೆ ಅಲ್ಲಿನ ಚೆರೋಕಿ ಜೀಪುಗಳಲ್ಲಿ ನಾಲ್ಕು ಲೀಟರ್ ಎಂಜಿನ್ನಿನ ಹಿಂದೆ ಇದನ್ನಿಟ್ಟಾಗ ಬೇಗನೆ ಸೋತಿತು, ಬೇರೆ ಬಾಕ್ಸ್ ತರಬೇಕಾಯಿತು. ನಮ್ಮ ಪ್ಯೂಜೊ ಡೀಸೆಲ್ ಎಂಜಿನ್ನಿನ ಟಾರ್ಕು ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಅದೇ ಬಾಕ್ಸು ಇಲ್ಲಿ ಮಾನವಾಗಿ ಬಾಳಿತು. ಗೇರ್ ಬಾಕ್ಸು ಗಟ್ಟಿಯೋ ಪೊಳ್ಳೋ ಎಂದು ಬಿಡಿಯಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಎಂಜಿನ್ನಿನ ಹಿಂದೆ ಎಂದು ಕೇಳಬೇಕು.

ಇಷ್ಟೆಲ್ಲ ಯಾಕೆ, ಹೌಸಿಂಗಿನ ಕ್ರೌನ್ ಪಿನಿಯನ್ ಬದಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. 47ಕ್ಕೆ 11ರ ಜೋಡಿ ಹಾಕಿದರೆ ಅನುಪಾತ 4.27 ಆಗುತ್ತದೆ, ಹೆದ್ದಾರಿಯಲ್ಲಿ ಸದ್ದು ತಗ್ಗುತ್ತದೆ. ಆದರೆ ಫಸ್ಟ್ ಗೇರೂ ಅಷ್ಟೇ ಪಾಲು ದುರ್ಬಲವಾಗುತ್ತದೆ. ಮುನ್ನಾರ್ ದಾರಿಯ ಅಡಿಮಾಲಿಯ ಏರಿನಲ್ಲಿ ಲೋಡ್ ತುಂಬಿದ ಗಾಡಿ ಕ್ಲಚ್ ಸುಡುತ್ತದೆ. ಜೊತೆಗೆ ಫೋರ್ ವೀಲ್ ಗಾಡಿಯಾದರೆ ಮುಂದಿನ ಹೌಸಿಂಗನ್ನೂ ಅದೇ ಅನುಪಾತಕ್ಕೆ ಬದಲಿಸಬೇಕು. ಮುಂದಿನದು ಒಂದು, ಹಿಂದಿನದು ಇನ್ನೊಂದು ಆದರೆ ಫೋರ್ ವೀಲ್ ಹಾಕಿದೊಡನೆ ಎರಡೂ ಹಗ್ಗಜಗ್ಗಾಟಕ್ಕಿಳಿದು ಏನಾದರೊಂದು ಮುರಿಯುತ್ತದೆ. ಕೆಳಗಿನ ಗೇರನ್ನು ಕೆಡಿಸದೆ ಮೇಲಿನದೊಂದನ್ನು ಸೇರಿಸಲು ಐದನೇ ಗೇರೇ ದಾರಿ.

ಈಗ ಕೆಲಸಕ್ಕೆ ಬರೋಣ. ಅದಕ್ಕೆ ಮೊದಲು ಬೇಕಾದದ್ದು ಹತ್ತಿರದಲ್ಲೊಂದು ಒಳ್ಳೆಯ ಲೇತು. ಕೊಚ್ಚಿಯ ಬಳಿ, ಪೆರಿಯಾರಿನ ಎರಡು ಕವಲುಗಳ ನಡುವೆ ಇರುವ ಏಲೂರಿನಲ್ಲಿ 1947ರಲ್ಲಿ ‘ಫ್ಯಾಕ್ಟ್’ ಗೊಬ್ಬರ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಅದರ ಸುತ್ತ ರಾಸಾಯನಿಕ ಕಾರ್ಖಾನೆಗಳು ಬಂದವು. ನದಿಯಾಚೆ ಎಡಯಾರ್, ಈಚೆ ಕಳಮಶ್ಶೇರಿ. ದೊಡ್ಡ ಕಾರ್ಖಾನೆ ಇರುವಲ್ಲಿ ಅದರ ಪಂಪು, ಶಾಫ್ಟು ರಿಪೇರಿ ಮಾಡುವ ಸಣ್ಣ ಲೇತ್ ಅಂಗಡಿಗಳು ಇದ್ದೇ ಇರುತ್ತವೆ, ಕೈಪಳಗಿದ ಟರ್ನರುಗಳೂ ಇರುತ್ತಾರೆ. ಬೆಂಗಳೂರಿನ ಎಚ್‌ಎಂಟಿ 1960ರ ದಶಕದಲ್ಲಿ ಕಳಮಶ್ಶೇರಿಯಲ್ಲಿ ಘಟಕ ತೆರೆದು ಅಲ್ಲಿ ಲೇತ್‌ಗಳನ್ನೇ ತಯಾರಿಸಿತು. ಎಚ್‌ಎಂಟಿ ಎಂದರೆ ಅಪ್ಪನ ಕೈಗಡಿಯಾರ ಎಂದುಕೊಂಡಿರುವ ನಮ್ಮವರು, ಆ ಮೂರಕ್ಷರದಲ್ಲಿ ನಡುವಿನದು ಯಂತ್ರವೆಂಬುದನ್ನು ಮರೆತೇಬಿಟ್ಟಿದ್ದಾರೆ. ಗೇರ್ ಬಾಕ್ಸ್ ಬದಲಿಸುವ ಮೆಕ್ಯಾನಿಕ್ ಎಷ್ಟೇ ಜಾಣನಿದ್ದರೂ, ಹತ್ತಿರದಲ್ಲಿ ಇಂಥ ಲೇತೊಂದು, ಅದರ ಮುಂದೆ ಅವಸರವಿಲ್ಲದ ಟರ್ನರೊಬ್ಬ ಇಲ್ಲದಿದ್ದರೆ ಅವನ ಕೈ ಕಟ್ಟಿದಂತೆ.

ಯಾಕೆಂದರೆ ಹಳೆಯ ಎಂಜಿನ್ನಿನ ಹಿಂದೆ ಕ್ಲಚ್ಚನ್ನು ಮುಚ್ಚಿ ಕೂರುವ ಬೆಲ್ ಹೌಸಿಂಗಿಗೂ ಹೊಸ ಬಾಕ್ಸಿನ ಮುಖಕ್ಕೂ ಬೋಲ್ಟ್ ತೂತುಗಳು ಹೊಂದುವುದಿಲ್ಲ. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ದಪ್ಪ ಉಕ್ಕಿನ ತಟ್ಟೆ, ಒಂದು ಮುಖದಲ್ಲಿ ಬೆಲ್ ಹೌಸಿಂಗಿನ ನಡುತೂತಿಗೆ ಕೂರುವ ಅಂಚು, ಇನ್ನೊಂದು ಮುಖದಲ್ಲಿ ಗೇರ್ ಬಾಕ್ಸಿನ ಮೂತಿ ಕೂರುವ ಬೋರು. ತೂತುಗಳನ್ನು ಹೊಂದಿಸುವುದು ಯಾರಿಗೂ ಬರುತ್ತದೆ. ಆ ಅಂಚೂ ಬೋರೂ ಒಂದೇ ಕೇಂದ್ರದಲ್ಲಿರಬೇಕು, ಎರಡು ಮುಖಗಳೂ ಒಂದಕ್ಕೊಂದು ಸಮಾಂತರವಾಗಿರಬೇಕು, ಕಷ್ಟವಿರುವುದು ಅಲ್ಲಿ. ತಟ್ಟೆಯ ದಪ್ಪವನ್ನೂ ಕಣ್ಣಂದಾಜಿನಲ್ಲಿ ಆರಿಸುವಂತಿಲ್ಲ. ಹೊಸ ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗಿನಲ್ಲಿ ಪೂರ್ತಿ ಕೂರಬೇಕು, ಆದರೆ ಕ್ರ್ಯಾಂಕಿಗೆ ಹೋಗಿ ಗುದ್ದಬಾರದು. ತಟ್ಟೆ ತೆಳುವಾದರೆ ಗುದ್ದುತ್ತದೆ, ದಪ್ಪವಾದರೆ ತುದಿ ಗಾಳಿಯಲ್ಲಿ ಉಳಿಯುತ್ತದೆ.

ನನಗೆ ಅತ್ಯಂತ ಮೆಚ್ಚಿಗೆಯಾಗುವ ಘಟ್ಟ ಇದರ ಮುಂದಿನದು. ಗೇರ್ ಬಾಕ್ಸ್ ಏರಿಸುವ ಮೊದಲು, ಬೆಲ್ ಹೌಸಿಂಗು ಮತ್ತು ತಟ್ಟೆ ಮಾತ್ರ ಕೂರಿಸಿ, ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ ಅದರ ಮುಳ್ಳು ಬೋರಿನ ಒಳಗೋಡೆಗೆ ತಾಗುವಂತೆ ಇಡುತ್ತಾರೆ. ಆಮೇಲೆ ಕ್ರ್ಯಾಂಕನ್ನು ಕೈಯಲ್ಲೇ ನಿಧಾನ ಒಂದು ಸುತ್ತು ತಿರುಗಿಸುತ್ತಾರೆ. ಗೇಜಿನ ಮುಳ್ಳು ಎಷ್ಟು ಆಡಿತೋ ಅದರ ಅರ್ಧ, ಕ್ರ್ಯಾಂಕು, ಬೋರುಗಳ ಕೇಂದ್ರಗಳ ನಡುವಿನ ಅಂತರ. ಅಮೆರಿಕದ ಬಿಗ್ ಬ್ಲಾಕಿನವರು ಒಪ್ಪುವ ಮಿತಿ, ಮುಳ್ಳಿನ ಒಟ್ಟು ಆಟ ಒಂದು ಇಂಚಿನ ಸಾವಿರದಲ್ಲಿ ಹತ್ತು ಭಾಗ, ಅಂದರೆ ಕಾಲು ಮಿಲಿಮೀಟರ್. ಜೀಪಿಗೂ ಅದೇ ಶಿಸ್ತು ಸಾಕು. ಮಿತಿ ದಾಟಿದ್ದರೆ ಸ್ಥಾನ ಹಿಡಿಯುವ ಡೋವೆಲ್ ಪಿನ್ನುಗಳನ್ನು ತೆಗೆದು, ತುಸು ವಾರೆ ಕೇಂದ್ರದ ಪಿನ್ನು ತಿರುಗಿಸಿಕೊಟ್ಟು ಹೊಂದಿಸಿ ಮತ್ತೆ ಅಳೆಯಬೇಕು. ಬೇಸರದ ಕೆಲಸ. ಇದನ್ನು ಮಾಡದಿದ್ದರೂ ಗಾಡಿ ಓಡುತ್ತದೆ. ಗ್ಯಾರೇಜಿನ ಗೇಟು ದಾಟಿ ಚೆನ್ನಾಗಿಯೇ ಹೋಗುತ್ತದೆ. ತಿಂಗಳುಗಳ ಮೇಲೆ ಮುಂದಿನ ಬೇರಿಂಗು ಸಣ್ಣಗೆ ಕೊರಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಆಗ ಬೈಗುಳ ತಿನ್ನುವುದು ಗುಜರಿಯವನು: ಹಾಳು ಬಾಕ್ಸ್ ಕೊಟ್ಟ ಅಂತ. ಬಾಕ್ಸು ಸರಿಯಾಗೇ ಇತ್ತು.

ಕ್ಲಚ್ಚಿನಲ್ಲಿ ನಮ್ಮ ಊರುಗಳ ಜಾಣ್ಮೆ ಒಂದಿದೆ. ಫ್ಲೈವೀಲೂ ಪ್ರೆಷರ್ ಪ್ಲೇಟೂ ಹಳೆಯ ಎಂಜಿನ್ನಿನವೇ. ಹೊಸ ಬಾಕ್ಸಿನ ಶಾಫ್ಟಿನ ಸ್ಪ್ಲೈನ್ ಹಲ್ಲುಗಳು ಮಾತ್ರ ಬೇರೆ. ಆಗ ಹಳೆಯ ಅಳತೆಯ ಕ್ಲಚ್ ಪ್ಲೇಟಿಗೆ ಹೊಸ ಬಾಕ್ಸಿಗೆ ಹೊಂದುವ ನಡುವಿನ ಹಬ್ ಅನ್ನು ರಿವೆಟ್ ಹೊಡೆದು ಕೂರಿಸುತ್ತಾರೆ. ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗ್ ಹಾಕಿಕೊಡುವ ಅಂಗಡಿಗಳು ಎರ್ನಾಕುಳದಲ್ಲೂ ಇವೆ, ನಮ್ಮ ಹಾಸನ, ಮಂಗಳೂರಿನಲ್ಲೂ ಇವೆ. ರಿಲೀಸ್ ಬೇರಿಂಗಿಗೆ ಹಿಂದೆ ಸರಿಯಲು ಜಾಗ ಉಳಿದಿದೆಯೇ ಎಂದು ಬೆರಳಿಟ್ಟು ನೋಡಿ ಮುಂದೆ ಹೋಗಬೇಕು.

ಇಲ್ಲಿಗೆ ಮುಂಭಾಗ ಮುಗಿಯಿತು. ಜೀಪಿನ ವಿಷಯದಲ್ಲಿ ನಿಜವಾದ ಪರೀಕ್ಷೆ ಹಿಂಭಾಗದಲ್ಲಿ. ಐದು ಗೇರಿನ ಬಾಕ್ಸು ಸಹಜವಾಗಿ ಉದ್ದ. ಅದರ ಬಾಲಕ್ಕೆ ಅಂಟಿಕೊಂಡ, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ಅಷ್ಟು ಹಿಂದಕ್ಕೆ ಹೋಗುತ್ತದೆ. ಸಿಜೆ-3ಬಿ ಜೀಪಿನ ವೀಲ್‌ಬೇಸ್ ಬರೀ 80 ಇಂಚು. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಮೊದಲೇ ಗಿಡ್ಡ. ಉದಾಹರಣೆಗೆ ಶಾಫ್ಟ್ 50 ಸೆಂಟಿಮೀಟರ್ ಇದ್ದು, ಟ್ರಾನ್ಸ್‌ಫರ್ ಕೇಸಿಗಿಂತ ಹೌಸಿಂಗ್ 15 ಸೆಂಟಿಮೀಟರ್ ಕೆಳಗಿದೆ ಎನ್ನಿ. ಶಾಫ್ಟಿನ ಇಳಿಜಾರು ಸುಮಾರು ಹದಿನೇಳೂವರೆ ಡಿಗ್ರಿ. ಬಾಕ್ಸು ಹತ್ತು ಸೆಂಟಿಮೀಟರ್ ನುಂಗಿ ಶಾಫ್ಟು 40 ಆದರೆ ಇಳಿಜಾರು 22 ಡಿಗ್ರಿ ಆಗುತ್ತದೆ. ಹಳ್ಳಕ್ಕೆ ಚಕ್ರ ಇಳಿದಾಗ ಇನ್ನೂ ಹೆಚ್ಚು. ನೋಡಲಿಕ್ಕೆ ಚೆಂದವೆಂದು ಶ್ಯಾಕಲ್ ಉದ್ದ ಮಾಡಿಸಿ ಗಾಡಿ ಎತ್ತರಿಸಿದ್ದರೆ ದೇವರೇ ಗತಿ.

ಕೋನ ಹೆಚ್ಚಾದರೆ ಏನು ತೊಂದರೆ? ಯುನಿವರ್ಸಲ್ ಜಾಯಿಂಟಿಗೆ, ಗ್ಯಾರೇಜಿನ ಮಾತಿನಲ್ಲಿ ‘ಕ್ರಾಸ್’ಗೆ, ಒಂದು ಹುಟ್ಟುಗುಣವಿದೆ. ಓರೆಯಾಗಿ ತಿರುಗುವಾಗ ಅದು ತನಗೆ ಬಂದ ವೇಗವನ್ನು ಹಾಗೇ ದಾಟಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ತುಸು ಮುಂದೆ ನುಗ್ಗುತ್ತದೆ, ಎರಡು ಸಲ ತುಸು ಹಿಂದೆ ಉಳಿಯುತ್ತದೆ. ಕೋನ ಹೆಚ್ಚಿದಷ್ಟೂ ಈ ನುಗ್ಗಾಟ ಹೆಚ್ಚು. ಶಾಫ್ಟಿನ ಎರಡು ತುದಿಗೂ ಕ್ರಾಸ್ ಇಡುವುದು ಇದಕ್ಕೇ: ಮುಂದಿನದು ಮಾಡಿದ ತಪ್ಪನ್ನು ಹಿಂದಿನದು ಸರಿಯಾಗಿ ಉಲ್ಟಾ ಮಾಡಿ ಅಳಿಸುತ್ತದೆ. ಅಳಿಸಬೇಕಾದರೆ ಎರಡು ಷರತ್ತು. ಎರಡೂ ತುದಿಯ ಕೋನ ಸಮವಾಗಿರಬೇಕು. ಅಂದರೆ ಟ್ರಾನ್ಸ್‌ಫರ್ ಕೇಸಿನ ಶಾಫ್ಟೂ ಹೌಸಿಂಗಿನ ಪಿನಿಯನ್ನೂ ಒಂದಕ್ಕೊಂದು ಸಮಾಂತರವಾಗಿರಬೇಕು. ಮತ್ತೆ, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಯೋಕುಗಳು ಒಂದೇ ನೇರಕ್ಕೆ ಕೂತಿರಬೇಕು. ಶಾಫ್ಟ್ ಕತ್ತರಿಸಿ ಮತ್ತೆ ವೆಲ್ಡ್ ಮಾಡುವಾಗ ಯೋಕು ಒಂದಿಷ್ಟು ತಿರುಚಿ ಕೂತರೆ, ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಗಾಡಿ ನಡುಗುವುದು ನಿಲ್ಲುವುದಿಲ್ಲ. ಒಳ್ಳೆಯ ಟರ್ನರ್ ಕತ್ತರಿಸುವ ಮೊದಲೇ ಶಾಫ್ಟಿನ ಉದ್ದಕ್ಕೂ ಒಂದು ನೇರ ಗೆರೆ ಗೀರಿಟ್ಟುಕೊಳ್ಳುತ್ತಾನೆ. ಆಮೇಲೆ ಲೇತಿಗೇ ಕಟ್ಟಿ ಚುಕ್ಕಿ ವೆಲ್ಡ್ ಹಾಕಿ, ತಿರುಗಿಸಿ, ಗೇಜು ಹಿಡಿದು, ಆಮೇಲಷ್ಟೇ ಪೂರ್ತಿ ಬೆಸೆಯುತ್ತಾನೆ. ಆ ಗೀರು ಕಂಡರೆ ನಿಮ್ಮ ಗಾಡಿ ಸರಿಯಾದ ಕೈಗೆ ಬಿದ್ದಿದೆ ಎಂದು ನೆಮ್ಮದಿಯಾಗಿರಬಹುದು.

ಜೀಪಿನದು ಇನ್ನೊಂದು ವಿಚಿತ್ರ. ಅದರ ಹಳೆಯ ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಿನ ಶಾಫ್ಟು ಹೊರಡುವುದು ಗಾಡಿಯ ನಡುವಿನಿಂದಲ್ಲ, ಬಲಕ್ಕೆ ಸರಿದ ಜಾಗದಿಂದ. ಹೌಸಿಂಗಿನ ಗುಂಡೂ ಅದಕ್ಕೆ ತಕ್ಕಂತೆ ಬಲಕ್ಕಿದೆ. ಹೊಸ ಬಾಕ್ಸಿನ ಜೊತೆ ಬೇರೆ ಜಾತಿಯ ಟ್ರಾನ್ಸ್‌ಫರ್ ಕೇಸೂ ಇರಲಿ ಎಂದು ಆಸೆಪಟ್ಟವರಿಗೆ ಶಾಫ್ಟು ಪಕ್ಕಕ್ಕೂ ವಾರೆಯಾಗುತ್ತದೆ. ಹಳೆಯದನ್ನೇ ಉಳಿಸಿಕೊಳ್ಳುವುದು ವಿವೇಕ. ಅದರಿಂದ ಪುಕ್ಕಟೆ ಲಾಭವೂ ಉಂಟು: ಸ್ಪೀಡೋಮೀಟರ್ ಕೇಬಲ್ ಹೊರಡುವುದು ಆ ಕೇಸಿನಿಂದಲೇ ಆದ್ದರಿಂದ, ಗೇರ್ ಬಾಕ್ಸು ಯಾವುದಾದರೂ ಮೀಟರು ಸರಿಯಾಗೇ ತೋರಿಸುತ್ತದೆ. ಕೇಬಲ್ಲು ಗೇರ್ ಬಾಕ್ಸಿನ ಬಾಲದಿಂದಲೇ ಹೊರಡುವ ಕಾರುಗಳಿಗೆ ಈ ಭಾಗ್ಯವಿಲ್ಲ.

ಉಳಿದದ್ದು ಕ್ರಾಸ್ ಮೆಂಬರಿಗೆ ಹೊಸ ಮೌಂಟಿಂಗು, ಕ್ಯಾಬಿನ್ ತಳದ ತಗಡು ಕತ್ತರಿಸಿ ಲಿವರಿಗೆ ದಾರಿ, ರಬ್ಬರ್ ಬೂಟು. ಮೌಂಟಿಂಗಿನಲ್ಲಿ ಬೋಲ್ಟು ಬಿಗಿಯುವ ಮುನ್ನ ಬಾಕ್ಸು ತಾನಾಗಿ ಆ ಜಾಗಕ್ಕೆ ಬಂದು ಕೂರಬೇಕು. ಜ್ಯಾಕ್ ಒತ್ತಿ ಬಲವಂತದಲ್ಲಿ ಕೂರಿಸಿದರೆ, ಡಯಲ್ ಗೇಜು ಹಿಡಿದು ಗಳಿಸಿದ್ದನ್ನೆಲ್ಲ ಅಲ್ಲಿ ಕಳೆದುಕೊಂಡ ಹಾಗೆ.

ಇನ್ನು ಓಡಿಸುವವರಿಗೆ. ಹಳೆಯ ಬಾಕ್ಸುಗಳಲ್ಲಿ ಟಾಪ್ ಗೇರು ಹಾಕಿದಾಗ ಒಳಬಂದ ಶಾಫ್ಟೂ ಹೊರಹೋಗುವ ಶಾಫ್ಟೂ ನೇರ ಬೆಸೆದುಕೊಳ್ಳುತ್ತವೆ. ಯಾವ ಹಲ್ಲಿಗೂ ಭಾರ ಬೀಳುವುದಿಲ್ಲ. ಐದನೇ ಗೇರಿನಲ್ಲಿ ಬಲವೆಲ್ಲ ಕೆಳಗಿನ ಕೌಂಟರ್ ಶಾಫ್ಟಿಗೆ ಇಳಿದು, ಎರಡು ಜೋಡಿ ಹಲ್ಲು ದಾಟಿ ಮೇಲೆ ಬರುತ್ತದೆ. ಆದ್ದರಿಂದ ಐದನೆಯದು ಎಳೆಯುವ ಗೇರಲ್ಲ, ಓಡುವ ಗೇರು. ಅಂಗಮಾಲಿಯಿಂದ ತೃಶೂರಿನ ಕಡೆಗೋ, ಕೊಚ್ಚಿಯಿಂದ ಆಲಪ್ಪುಳದ ಮೇಲೆ ತಿರುವನಂತಪುರಕ್ಕೋ ಸಮರಸ್ತೆಯಲ್ಲಿ ಸಾಗುವಾಗ ಹಾಕಿ. ಮೇಲ್ಸೇತುವೆಯ ಏರು ಕಂಡೊಡನೆ ನಾಲ್ಕಕ್ಕೆ ಇಳಿಸಿ. ಐದರಲ್ಲೇ ತುಳಿದು ಗೊಗ್ಗರಿಸುತ್ತ ಹತ್ತಿಸಿದರೆ ಡೀಸೆಲ್ಲೂ ಉಳಿಯುವುದಿಲ್ಲ, ಹಲ್ಲೂ ಉಳಿಯುವುದಿಲ್ಲ. ಬೀಸು ಹೆಜ್ಜೆಗೆ ಕಸುವು ಬೇಕು ಎಂದದ್ದು ಇದಕ್ಕೆ. ದಣಿದ ಎಂಜಿನ್ನಿಗೆ ಐದನೇ ಗೇರು ಹಾಕಿಸುವುದಕ್ಕಿಂತ, ಆ ದುಡ್ಡಿನಲ್ಲಿ ಎಂಜಿನ್ ಬೋರು ಮಾಡಿಸುವುದು ಮೇಲು.

ಎಲ್ಲರಿಗೂ ಇದು ಬೇಕೂ ಇಲ್ಲ. ಮೂಡಿಗೆರೆಯ ತೋಟದಿಂದ ಕಾಫಿ ಮೂಟೆ ಹೇರಿ ಪೇಟೆಗೆ ಬಂದು ಹೋಗುವ ಜೀಪು ವರ್ಷವಿಡೀ ಎರಡು, ಮೂರನೇ ಗೇರಿನಲ್ಲೇ ಬಾಳುತ್ತದೆ. ಅದಕ್ಕೆ ಐದನೆಯದು ಅಲಂಕಾರ. ಧರ್ಮಸ್ಥಳದ ಸಂಗ್ರಹಾಲಯದಲ್ಲಿರುವಂಥ, ಹುಟ್ಟಿದ ರೂಪದಲ್ಲೇ ಉಳಿಯಬೇಕಾದ ಗಾಡಿಗಳಿಗೆ ಸ್ಪ್ಯಾನರ್ ತೋರಿಸುವುದೇ ತಪ್ಪು. ವಾರಕ್ಕೊಮ್ಮೆಯಾದರೂ ಹೆದ್ದಾರಿ ಹಿಡಿಯುವ, ಎಂಜಿನ್ ಗಟ್ಟಿಯಿರುವ, ತಗಡು ಕೊಳೆಯದ ಜೀಪಿಗೆ ಮಾತ್ರ ಈ ಶ್ರಮ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡುಗಳಿಗೆ ಗೆರೆ ಎಳೆದಿದೆ. ಕೇರಳದಿಂದ ಹೋದ ಪ್ರಕರಣದಲ್ಲೇ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ ಎಂದು ಹೇಳಿದೆ. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಕೆಲಸ ಶುರುಮಾಡುವ ಮೊದಲೇ ಅಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಿರಿ. ಬಾಯಿಮಾತಿನ ‘ಏನೂ ಆಗಲ್ಲ ಸಾರ್’ ನವೀಕರಣದ ದಿನ ಜೊತೆಗೆ ಬರುವುದಿಲ್ಲ.

ಮತ್ತೆ ಒಂದು ವಿನಂತಿ. ಇಳಿಸಿದ ಹಳೆಯ ಟಿ-90 ಬಾಕ್ಸನ್ನು, ಅದರ ಬೋಲ್ಟು, ಲಿವರು, ಕತ್ತರಿಸದೆ ಉಳಿಸಿದ ಹಳೆಯ ಶಾಫ್ಟಿನ ಸಮೇತ ಗುಜರಿಗೆ ಕೊಡಬೇಡಿ. ಎಣ್ಣೆ ತುಂಬಿ, ತೂತುಗಳಿಗೆ ಬಟ್ಟೆ ತುರುಕಿ, ಗೋಣಿ ಸುತ್ತಿ ಒಣ ಜಾಗದಲ್ಲಿ ಇಡಿ. ನಾಳೆ ಗಾಡಿಯನ್ನು ಮೂಲ ರೂಪಕ್ಕೆ ತರಬೇಕೆನ್ನುವ ಮಗನಿಗೋ ಕೊಳ್ಳುವವನಿಗೋ ಅದು ಬೇಕಾಗುತ್ತದೆ. ಶಾಫ್ಟ್ ಗಿಡ್ಡ ಮಾಡಲು ಬೇರೊಂದು ಗುಜರಿ ಶಾಫ್ಟನ್ನು ತಂದುಕೊಟ್ಟರೆ ಟರ್ನರ್ ಬೇಡವೆನ್ನುವುದಿಲ್ಲ.